ಒಕ್ಕಲು ಬದಲಾದ ಸೌಧಗಳು

ವಾಸದ ಮನೆಯೊಂದು ರೇಡಿಯೋ ನಿಲಯವಾದ ಕತೆ ನಮ್ಮ ಶ್ರೋತೃಗಳಿಗೆ ಹೊಸದಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿಯೇ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದೇ. ಒಂದು ಕೆಲಸಕ್ಕೆಂದು ಎದ್ದ ಗೋಡೆಗಳು ಇನ್ನೊಂದು ಕೆಲಸಕ್ಕೆ ಒದಗುವುದು ಮೈಸೂರಿನಲ್ಲಿ ಅಪರೂಪವೇನೂ ಅಲ್ಲ. ಅರಮನೆಯ ಆಸುಪಾಸಿನ ಬೀದಿಗಳಲ್ಲಿ ಒಂದು ಸುತ್ತು ಬಂದರೆ ಇದು ತಾನಾಗಿ ತಿಳಿಯುತ್ತದೆ.

ಜಗನ್ಮೋಹನ ಅರಮನೆಯನ್ನೇ ನೋಡೋಣ. ಇದನ್ನು 1861ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಮರದ ದೊಡ್ಡ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಹೊಸ ಅರಮನೆ ಪೂರ್ಣವಾದದ್ದು 1912ರಲ್ಲಿ. ನಡುವಣ ವರ್ಷಗಳಲ್ಲಿ ರಾಜಮನೆತನಕ್ಕೆ ಆಶ್ರಯವಾದದ್ದು ಜಗನ್ಮೋಹನವೇ. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್ ಕರ್ಜನ್ ಅವರ ಸಮಕ್ಷಮದಲ್ಲಿ ರಾಜ್ಯಾಧಿಕಾರ ವಹಿಸಿಕೊಂಡದ್ದು ಇಲ್ಲಿ. 1907ರಲ್ಲಿ ಸಂಸ್ಥಾನದ ನ್ಯಾಯವಿಧಾಯಕ ಸಭೆ ಮೊದಲು ಕೂಡಿದ್ದೂ ಇಲ್ಲಿ. ಹೊಸ ಅರಮನೆ ಸಿದ್ಧವಾದ ಮೇಲೆ ಹಳೆಯದಕ್ಕೆ ಕೆಲಸ ತಪ್ಪಬೇಕಾಗಿತ್ತು. ಹಾಗಾಗಲಿಲ್ಲ. 1915ರಿಂದ ಅದು ಚಿತ್ರಶಾಲೆಯಾಯಿತು. ರವಿವರ್ಮನ ಚಿತ್ರಗಳನ್ನೂ ಹಳದಣಕರರ ದೀಪಧಾರಿಣಿಯನ್ನೂ ಜನ ಅಲ್ಲಿಗೆ ಹೋಗಿ ನೋಡುತ್ತ ಬಂದಿದ್ದಾರೆ.

ಜಯಲಕ್ಷಮ್ಮಣ್ಣಿಯವರಿಗಾಗಿ ಊರಿನ ಪಶ್ಚಿಮದ ಅಂಚಿನಲ್ಲಿ 1905ರಲ್ಲಿ ಒಂದು ಸೌಧ ಎದ್ದಿತು. ಅದೇ ಜಯಲಕ್ಷ್ಮೀ ವಿಲಾಸ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ರೂಪುಗೊಂಡ ಮಾನಸಗಂಗೋತ್ರಿಗೆ ಅದು ಸೇರಿತು; 1960ರ ದಶಕದ ಕೊನೆಗೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂದಿತು. ರಾಜಕುಮಾರಿಯ ತೊಟ್ಟಿಯಲ್ಲಿ ತೊಗಲುಗೊಂಬೆಗೂ ಯಕ್ಷಗಾನದ ಕಿರೀಟಕ್ಕೂ ಸ್ಥಳ ದೊರೆಯಿತೆಂದರೆ, ಇದಕ್ಕಿಂತ ಒಳ್ಳೆಯ ಒಕ್ಕಲು ಬೇರೆ ಬೇಕೆ?

ಆದರೆ ಒಕ್ಕಲು ಇದ್ದ ಮಾತ್ರಕ್ಕೆ ಕಟ್ಟಡ ಉಳಿಯುತ್ತದೆಂದು ಹೇಳುವಂತಿಲ್ಲ. ವೈಸರಾಯ್ ಲ್ಯಾನ್ಸ್‌ಡೌನ್ ಅವರ ಹೆಸರು ಹೊತ್ತ, 19ನೆಯ ಶತಮಾನದ ಕೊನೆಯ ಅಂಗಡಿಸಾಲು ಖಾಲಿ ಬಿದ್ದಿರಲಿಲ್ಲ. ಅಲ್ಲಿ ವ್ಯಾಪಾರ ನಡೆಯುತ್ತಿತ್ತು. ಹಳೆಯ ಪುಸ್ತಕ ಹುಡುಕುವವರು ಬರುತ್ತಿದ್ದರು. ಆದರೂ 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ಪಕ್ಕದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿದ್ದಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದು ಕೆಲವರು, ದುರಸ್ತಿ ಮಾಡಿ ಉಳಿಸಬೇಕೆಂದು ಕೆಲವರು ವಾದ ಹೂಡಿದರು.

ಹಳೆಯ ಕಟ್ಟಡ ದಣಿಯುವುದು ಹೇಗೆ? ಆ ಕಾಲದ ಗೋಡೆಗಳು ಇಟ್ಟಿಗೆ, ಸುಣ್ಣದ ಗಾರೆಯವು. ಮೇಲೆ ಮದ್ರಾಸು ತಾರಸಿ: ಮರದ ತೊಲೆ, ಅಡ್ಡಪಟ್ಟಿ, ಅದರ ಮೇಲೆ ನೆಟ್ಟಗೆ ನಿಲ್ಲಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಗಾರೆ. ತೊಲೆಯ ತುದಿ ಗೋಡೆಯೊಳಗೆ ಹುದುಗಿರುತ್ತದೆ. ಮಳೆನೀರಿನ ದೋಣಿ ಕಟ್ಟಿಕೊಂಡರೆ ನೀರು ಗೋಡೆಗಿಳಿಯುತ್ತದೆ. ಮೊದಲು ಕೊಳೆಯುವುದು ಕಣ್ಣಿಗೆ ಕಾಣದ ಆ ತುದಿಯೇ. ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ನಿಲ್ಲುತ್ತದೆ. ಬಿರುಕಿನಲ್ಲಿ ಚಿಗುರಿದ ಅರಳಿಯ ಬೇರು ಉಳಿದ ಕೆಲಸವನ್ನು ಮುಗಿಸುತ್ತದೆ.

ಇಲ್ಲಿಯೇ ಹೊಸ ಉಪಯೋಗದ ಪ್ರಶ್ನೆ ಬರುವುದು. ಒಂದು ಸಂಸಾರ ಓಡಾಡುವ ಅಂತಸ್ತಿಗೂ ಪುಸ್ತಕದ ಕಪಾಟುಗಳನ್ನೋ ಸರಕಿನ ಮೂಟೆಗಳನ್ನೋ ಹೊರುವ ಅಂತಸ್ತಿಗೂ ಭಾರದಲ್ಲಿ ಬಹಳ ಅಂತರ. ಜಾಗ ಸಾಲದೆಂದು ನಡುಗೋಡೆ ಒಡೆದರೆ ಅದು ಹೊತ್ತಿದ್ದ ಭಾರ ಬೇರೆಡೆಗೆ ಹೋಗುತ್ತದೆ. ಚಿತ್ರಶಾಲೆ, ಸಂಗ್ರಹಾಲಯಗಳಿಗೆ ದೊಡ್ಡ ಹಜಾರಗಳು ಇದ್ದಂತೆಯೇ ಒಗ್ಗುತ್ತವೆ. ಎಲ್ಲ ಕೆಲಸಕ್ಕೂ ಹಾಗೆ ಒಗ್ಗುವುದಿಲ್ಲ. ಬಾಡಿಗೆಯ ಕಟ್ಟಡಗಳಲ್ಲಿ ಇನ್ನೊಂದು ತೊಡಕುಂಟು. ಮಾಡು ಸೋರಿದರೆ ಮಾಲೀಕನು ಬಾಡಿಗೆದಾರನ ಕಡೆಗೆ, ಬಾಡಿಗೆದಾರನು ಮಾಲೀಕನ ಕಡೆಗೆ ಕೈ ತೋರಿಸುತ್ತಾನೆ. ನೀರು ಯಾರಿಗೂ ಕಾಯುವುದಿಲ್ಲ.

ಈ ಮಾತು ಅರಮನೆಗಳಿಗೆ ಮಾತ್ರ ಸಲ್ಲುವುದಲ್ಲ. ನಮ್ಮ ಹಳೆಯ ಊರುಗಳಲ್ಲಿ ಅಜ್ಜನ ಕಾಲದ ತೊಟ್ಟಿಮನೆಗಳು ಅಂಗಡಿ, ಪಾಠಶಾಲೆ, ವಸತಿಗೃಹಗಳಾಗುತ್ತಿವೆ. ಆಗಲಿ; ಬೀಗ ಹಾಕಿ ಗೆದ್ದಲಿಗೆ ಒಪ್ಪಿಸುವುದಕ್ಕಿಂತ ಅದೇ ಮೇಲು. ಆದರೆ ಹೊಸ ಒಕ್ಕಲನ್ನು ಕರೆಯುವ ಮೊದಲು ಬಲ್ಲ ಇಂಜಿನಿಯರರಿಂದ ತೊಲೆಯ ತುದಿಗಳನ್ನು ಪರೀಕ್ಷೆ ಮಾಡಿಸಬೇಕು. ಮುಂಗಾರಿಗೆ ಮುಂಚೆ ತಾರಸಿಯ ಕಸ ತೆಗೆಸಿ ದೋಣಿಗಳನ್ನು ಬಿಡಿಸಬೇಕು. ಗೋಡೆಯ ಚಿಗುರನ್ನು ಬೇರುಸಹಿತ ಕೀಳಿಸಿ ಆ ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬಿಸಬೇಕು. ಕರಾರುಪತ್ರದಲ್ಲಿ ಬಾಡಿಗೆಯ ಮೊತ್ತದೊಡನೆ ಮಾಡಿನ ದುರಸ್ತಿ ಯಾರದೆಂಬುದನ್ನೂ ಸ್ಪಷ್ಟವಾಗಿ ಬರೆಸಬೇಕು. ಇಷ್ಟು ಮಾಡಿದರೆ ಮನೆಯೂ ಉಳಿಯುತ್ತದೆ. ಅದರಡಿಯಲ್ಲಿ ಕುಳಿತವರೂ ನಿಶ್ಚಿಂತೆಯಿಂದ ಇರಬಹುದು.