ಒಡೆದ ಮನಸ್ಸೇ, ಎರಡು ಮನಸ್ಸೇ?

ಇಂದು ಒಂದು ಮಾತನ್ನಾಡಿ ನಾಳೆ ಇನ್ನೊಂದನ್ನು ನುಡಿಯುವವನನ್ನು 'ಸ್ಕಿಜೋಫ್ರೇನಿಕ್' ಎಂದು ಹಳಿಯುವವರುಂಟು. ಹಗಲು ಸಾಧು, ಇರುಳು ಕೊಲೆಗಡುಕ ಎಂಬಂಥ ಪಾತ್ರಗಳಿಗೂ ಕತೆಗಾರರು ಇದೇ ಪಟ್ಟವನ್ನು ಕಟ್ಟಿದ್ದಾರೆ. ಆದರೆ ಈ ಶಬ್ದವನ್ನು ಸೃಷ್ಟಿಸಿದ ವೈದ್ಯನ ಮನಸ್ಸಿನಲ್ಲಿದ್ದುದು ರೋಗಿಗಳ ಮೇಲಣ ಮರುಕ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ಈ ರೋಗವನ್ನು 'ಡಿಮೆನ್ಷಿಯ ಪ್ರೀಕಾಕ್ಸ್' ಎಂದು ಕರೆದಿದ್ದನು. ಎಳೆಯ ವಯಸ್ಸಿನಲ್ಲಿಯೇ ಬುದ್ಧಿ ನಶಿಸುವುದು ಎಂದು ಅದರ ಭಾವ. ಹೆಸರೇ ತೀರ್ಪಿನಂತಿತ್ತು, ಆಸೆಗೆ ಅಲ್ಲಿ ಎಡೆಯಿರಲಿಲ್ಲ.

ಸ್ವಿಟ್ಸರ್ಲೆಂಡಿನ ಆಯ್ಗೆನ್ ಬ್ಲಾಯ್ಲರ್ ಇದನ್ನು ಒಪ್ಪಲಿಲ್ಲ. 1886ರಿಂದ 1898ರ ವರೆಗೆ ಆತನು ರೈನೌ ಎಂಬಲ್ಲಿಯ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥನಾಗಿದ್ದು, ರೋಗಿಗಳ ನಡುವೆಯೇ ಬಾಳಿದ್ದನು. ರೋಗ ಎಲ್ಲರಿಗೂ ಎಳವೆಯಲ್ಲಿ ತಗಲುವುದಿಲ್ಲ, ಎಲ್ಲರ ಬುದ್ಧಿಯೂ ಅಳಿಯುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದನು. 1908ರ ಏಪ್ರಿಲ್ 24ರಂದು ಬರ್ಲಿನ್ನಿನಲ್ಲಿ ಸೇರಿದ್ದ ಮನೋವೈದ್ಯರ ಸಭೆಯಲ್ಲಿ ಆತನು 'ಷಿಜೋಫ್ರೇನೀ' ಎಂಬ ಹೊಸ ಹೆಸರನ್ನು ಮುಂದಿಟ್ಟನು. ಇಂಗ್ಲಿಷಿನ ಮೂಲಕ ನಮಗೆ ಬಂದ 'ಸ್ಕಿಜೋಫ್ರೇನಿಯ' ಇದೇ. 1911ರ ತನ್ನ ಗ್ರಂಥದ ಹೆಸರಿನಲ್ಲಿ ಈ ಶಬ್ದವನ್ನು ಆತನು ಬಹುವಚನದಲ್ಲಿ ಬಳಸಿದ್ದಾನೆ. ಇದು ಒಂದೇ ರೋಗವಲ್ಲ, ಒಂದು ಗುಂಪು ಎಂಬುದು ಆತನ ಮತ.

ಗ್ರೀಕಿನಲ್ಲಿ 'ಸ್ಕಿಜೀನ್' ಎಂದರೆ ಸೀಳುವುದು, 'ಫ್ರೇನ್' ಎಂದರೆ ಮನಸ್ಸು. ಒಂದೇ ಒಡಲಿನಲ್ಲಿ ಇಬ್ಬರು ಮನುಷ್ಯರಿದ್ದಾರೆಂದು ಇದರ ಅರ್ಥವಲ್ಲ. ಅಂಥ ಸ್ಥಿತಿಯನ್ನು ವೈದ್ಯರು ಬೇರೊಂದು ವ್ಯಾಧಿಯೆಂದೇ ಎಣಿಸುತ್ತಾರೆ. ತಂಬೂರಿಯ ತಂತಿಗಳಂತೆ ಹೊಂದಿಕೊಂಡಿರಬೇಕಾದ ಆಲೋಚನೆ, ಭಾವನೆ, ಇಚ್ಛೆಗಳು ಶ್ರುತಿ ತಪ್ಪುವುದೇ ಬ್ಲಾಯ್ಲರ್ ಹೇಳಿದ ಬಿರುಕು. ಮಾತಿನ ಎಳೆ ನಡುವೆ ಕಡಿಯುತ್ತದೆ. ದುಃಖದ ಸುದ್ದಿಗೆ ನಗು ಬರುತ್ತದೆ. ಇಲ್ಲದ ದನಿಗಳು ಕೇಳಿಸುವುದೂ, ಸುತ್ತಲಿನವರೆಲ್ಲ ಹಗೆಗಳೆನ್ನಿಸುವುದೂ ಉಂಟು.

ಕನ್ನಡದಲ್ಲಿ ಇದಕ್ಕೆ 'ಇಚ್ಚಿತ್ತ ವಿಕಲತೆ' ಎಂಬ ಹೆಸರು ಬಳಕೆಯಲ್ಲಿದೆ. ಇಮ್ಮಡಿ, ಇರ್ವರು ಎಂಬಲ್ಲಿರುವ ಎರಡರ ಎಣಿಕೆಯೇ ಇಲ್ಲಿಯೂ ಇರುವುದರಿಂದ, ಓದುವವನು ಎರಡು ಮನಸ್ಸೆಂದು ತಪ್ಪು ತಿಳಿಯುವ ಸಂಭವವಿದೆ. ಜಪಾನೀಯರಿಗೂ ಇಂಥದೇ ತೊಡಕಿತ್ತು. ಅವರ ಹಳೆಯ ಹೆಸರಿಗೆ 'ಮನಸ್ಸು ಸೀಳಿದ ರೋಗ' ಎಂಬ ಅರ್ಥವಿದ್ದುದರಿಂದ, ರೋಗಿಯ ಮುಂದೆ ಅದನ್ನು ಉಚ್ಚರಿಸಲು ವೈದ್ಯರೇ ಹಿಂಜರಿಯುತ್ತಿದ್ದರು. ರೋಗಿಗಳ ಮನೆಯವರ ಸಂಘವು ಬಿನ್ನವಿಸಿಕೊಂಡ ಮೇಲೆ, 2002ರಲ್ಲಿ 'ಹೊಂದಾಣಿಕೆ ತಪ್ಪಿದ ಸ್ಥಿತಿ' ಎಂಬರ್ಥದ ಹೊಸ ಹೆಸರು ಬಂದಿತು. ಬಳಿಕ ರೋಗಿಗೆ ನಿಜವನ್ನು ತಿಳಿಸುವ ವೈದ್ಯರ ಸಂಖ್ಯೆ ಹೆಚ್ಚಿತು.

ಔಷಧಿಯಿಂದಲೂ ಮನೆಯವರ ಆಸರೆಯಿಂದಲೂ ಚೇತರಿಸಿಕೊಂಡು ದುಡಿದು ಬಾಳುವವರು ಅನೇಕರಿದ್ದಾರೆ. ಅಂಥವರ ಕಿವಿಗೆ, ತಮ್ಮ ಕಾಯಿಲೆಯ ಹೆಸರು ಬೀದಿಯ ಬೈಗುಳವಾಗಿ ಬೀಳಬಾರದು. ಚಿಕಿತ್ಸೆಗೆ ತೊಡಗಬೇಕಾದರೆ ರೋಗಕ್ಕೊಂದು ಹೆಸರು ಬೇಕು. ಮನುಷ್ಯನಿಗಾದರೋ, ತಾಯಿತಂದೆಯರಿಟ್ಟ ಹೆಸರು ಮೊದಲೇ ಇದೆ.