ಮಗುವಿನ ಕಣ್ಣಲ್ಲಿ ಸದಾ ನೀರು: ಯಾವಾಗ ಕಾಯಬೇಕು, ಯಾವಾಗ ಓಡಬೇಕು?



ಹೋದ ಕಾಫಿ ಕೊಯ್ಲಿನ ಸಮಯದಲ್ಲಿ ಕಳಸ ಕಡೆಯ ಒಂದು ಸಂಘದ ಸಭೆಗೆ ಹೋಗಿದ್ದೆವು. ಸಾಲದ ವಿಷಯ ಬಂದಾಗ ತೋಟದ ಲೈನ್ ಮನೆಯ ಒಬ್ಬ ತಾಯಿ ನಾಲ್ಕು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು, "ಐದು ಸಾವಿರ ಬೇಕಿತ್ತು ಸಿಸ್ಟರ್, ಮಗೂನ ಕಣ್ಣಿನ ಆಪರೇಷನ್‌ಗೆ" ಎಂದರು. ಹುಟ್ಟಿ ಮೂರು ವಾರಕ್ಕೇ ಬಲಗಣ್ಣಲ್ಲಿ ನೀರು ಶುರುವಾಗಿತ್ತಂತೆ. ಬೆಳಿಗ್ಗೆ ಗೀಜು ಕಟ್ಟಿ ರೆಪ್ಪೆ ಅಂಟಿಕೊಳ್ಳುತ್ತಿತ್ತು. ಒಬ್ಬರು ದೃಷ್ಟಿ ತೆಗಿ ಎಂದರು, ಒಬ್ಬರು ಎದೆಹಾಲು ಬಿಡು ಎಂದರು, ಇನ್ನೊಬ್ಬರು ಕಾಡಿಗೆ ಹಚ್ಚು ಎಂದರು. ಮೆಡಿಕಲ್ ಶಾಪಿನ ಮೂರು ಬಾಟ್ಲಿ ಡ್ರಾಪ್ಸ್ ಆಗಲೇ ಖಾಲಿಯಾಗಿತ್ತು.

ಆಗ ಇನ್ನೊಬ್ಬ ತಾಯಿ, "ನನ್ನ ಮಗನಿಗೂ ಹಾಗೇ. ಅದಾಗೇ ಹೋಗುತ್ತೆ ಅಂತ ಬಿಟ್ಟಿದ್ದೀನಿ" ಎಂದರು. ಮಗನಿಗೆ ಮೂರು ವರ್ಷ ತುಂಬಿತ್ತು! ಒಬ್ಬರದು ಅವಸರ, ಇನ್ನೊಬ್ಬರದು ತಡ. ಎರಡೂ ಬೇಡ ಎಂದು ಹೇಳುವುದಕ್ಕೇ ಈ ಲೇಖನ.

ಕಣ್ಣೀರು ಎಲ್ಲಿಗೆ ಹೋಗುತ್ತದೆ?

ಕಣ್ಣು ಒಣಗದಂತೆ ಯಾವಾಗಲೂ ಸ್ವಲ್ಪ ನೀರು ಬರುತ್ತಲೇ ಇರುತ್ತದೆ. ಆ ನೀರು ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿರುವ ಸಣ್ಣ ತೂತುಗಳಿಂದ ಇಳಿದು, ಒಂದು ನಾಳದ ಮೂಲಕ ಮೂಗಿನೊಳಗೆ ಹೋಗುತ್ತದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ. ಕೆಲವು ಮಕ್ಕಳಲ್ಲಿ ಹುಟ್ಟುವಾಗ ಈ ನಾಳದ ಕೆಳತುದಿಯಲ್ಲಿ ತೆಳುವಾದ ಪೊರೆ ಉಳಿದಿರುತ್ತದೆ. ಬಚ್ಚಲ ಪೈಪಿನ ಬಾಯಿಗೆ ಎಲೆ ಅಂಟಿದರೆ ನೀರು ಹಿಂದಕ್ಕೆ ನಿಲ್ಲುತ್ತದಲ್ಲ, ಹಾಗೆಯೇ ಇಲ್ಲೂ ನೀರು ನಿಂತು ಕೆನ್ನೆಗೆ ಹರಿಯುತ್ತದೆ, ಗೀಜು ಕಟ್ಟುತ್ತದೆ. ಇದು ದೃಷ್ಟಿಯೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಇಂಥ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ವರ್ಷ ತುಂಬುವಷ್ಟರಲ್ಲಿ ಆ ಪೊರೆ ತಾನಾಗಿಯೇ ತೆರೆದುಕೊಳ್ಳುತ್ತದೆ.

ತಾಯಿಯ ಬೆರಳೇ ಮೊದಲ ಮದ್ದು

ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ, ನಾಳದ ತೊಂದರೆಯೇ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಮನೆಯಲ್ಲಿ ಮಾಲೀಸು ಮಾಡಬಹುದು. ಕ್ರಿಗ್ಲರ್ ಎಂಬ ವೈದ್ಯರು 1923ರಲ್ಲಿ ಬರೆದ ಈ ವಿಧಾನವನ್ನು ಇಂದಿಗೂ ಕಣ್ಣಿನ ಡಾಕ್ಟರು ಹೇಳಿಕೊಡುತ್ತಾರೆ.

1. ಉಗುರು ಕತ್ತರಿಸಿ, ಸೋಪಿನಿಂದ ಕೈ ತೊಳೆಯಿರಿ.
2. ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಗೀಜು ಒರೆಸಿ. ಒಂದೊಂದು ಕಣ್ಣಿಗೂ ಬೇರೆ ಹತ್ತಿ.
3. ಕಣ್ಣಿನ ಮೂಲೆ ಮತ್ತು ಮೂಗಿನ ನಡುವೆ ಬೆರಳ ತುದಿ ಇಟ್ಟು, ಮೆಲ್ಲಗೆ ಒತ್ತಿ, ಮೂಗಿನ ಪಕ್ಕದಲ್ಲಿ ಕೆಳಕ್ಕೆ ಎಳೆಯಿರಿ. ಕಣ್ಣುಗುಡ್ಡೆಯನ್ನು ಒತ್ತಬಾರದು.
4. ಒಂದು ಸಲಕ್ಕೆ 5ರಿಂದ 10 ಬಾರಿ, ದಿನಕ್ಕೆ ಮೂರು ನಾಲ್ಕು ಸಲ. ಹಾಲು ಕುಡಿಸುವ ಹೊತ್ತಿಗೆ ಮಾಡಿದರೆ ಮರೆಯುವುದಿಲ್ಲ.

ಬರೀ ಸವರಿದರೆ ಸಾಲದು, ಸ್ವಲ್ಪ ಒತ್ತಡ ಬೇಕು. ಎಷ್ಟು ಎಂಬುದನ್ನು ಡಾಕ್ಟರ್ ಅಥವಾ ನರ್ಸ್ ಎದುರಲ್ಲೇ ಒಮ್ಮೆ ಮಾಡಿ ಕಲಿಯಿರಿ.

ಇವು ಬೇಡ

ಕಾಡಿಗೆ ಬೇಡ, ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ. ಹರಳೆಣ್ಣೆಯೂ ಬೇಡ. ಎದೆಹಾಲು ಮಗುವಿನ ಹೊಟ್ಟೆಗೆ ಅಮೃತ, ಆದರೆ ಕಣ್ಣಿಗೆ ಬಿಟ್ಟರೆ ನಾಳ ತೆರೆಯುವುದಿಲ್ಲ. ಚೀಟಿ ಇಲ್ಲದೆ ಡ್ರಾಪ್ಸ್ ತರಬೇಡಿ. ಆಂಟಿಬಯೋಟಿಕ್ ಡ್ರಾಪ್ಸ್ ಕೀವು ಹೆಚ್ಚಿದಾಗ ಕೆಲವು ದಿನಕ್ಕೆ ಮಾತ್ರ, ಅದರಿಂದ ಪೊರೆ ಬಿಡುವುದಿಲ್ಲ. ಸ್ಟೀರಾಯ್ಡ್ ಇರುವ ಡ್ರಾಪ್ಸ್ ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು ಬರಬಹುದು.

ಕಾಯದೆ ಓಡಬೇಕಾದದ್ದು ಯಾವಾಗ?

* ಹುಟ್ಟಿದ ಮೊದಲ ತಿಂಗಳಲ್ಲೇ ರೆಪ್ಪೆ ಊದಿ ಕೀವು ಸುರಿದರೆ
* ಮೂಗಿನ ಪಕ್ಕ ಕೆಂಪಾದ ಅಥವಾ ನೀಲಿ ಬಣ್ಣದ ಗಂಟು ಬಂದರೆ, ಜ್ವರ ಇದ್ದರೆ (ಆಗ ಮಾಲೀಸು ಮಾಡಬೇಡಿ)
* ಬೆಳಕು ಕಂಡರೆ ಮಗು ಕಣ್ಣು ಮುಚ್ಚಿಕೊಂಡರೆ, ಕಪ್ಪು ಗುಡ್ಡೆ ದೊಡ್ಡದಾಗಿ ಅಥವಾ ಮಸುಕಾಗಿ ಕಂಡರೆ
* ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ

ಇಂಥ ಸಮಯದಲ್ಲಿ ಕೂಲಿ ಹೋಗುತ್ತದೆ, ಮಳೆ ಇದೆ, ನಾಳೆ ನೋಡೋಣ ಎನ್ನಬೇಡಿ. ಅಂದೇ ಆಸ್ಪತ್ರೆಗೆ ಹೊರಡಿ.

ವರ್ಷ ತುಂಬಿದರೂ ನಿಲ್ಲದಿದ್ದರೆ?

ಒಂಬತ್ತು ತಿಂಗಳ ದಡಾರ ಚುಚ್ಚುಮದ್ದಿಗೆ ಹೋದಾಗಲೂ ಕಣ್ಣಲ್ಲಿ ನೀರಿದ್ದರೆ, ತಾಯಿ ಕಾರ್ಡ್ ಜೊತೆಗೆ ಆ ವಿಷಯವನ್ನೂ ನರ್ಸ್ ಮುಂದಿಡಿ. ವರ್ಷ ತುಂಬುವಾಗ ಕಣ್ಣಿನ ಡಾಕ್ಟರಿಗೆ ತೋರಿಸಿ. ಮಗುವಿಗೆ ಸ್ವಲ್ಪ ಹೊತ್ತು ಅರಿವಳಿಕೆ ಕೊಟ್ಟು, ತೆಳುವಾದ ಮೊಂಡು ತಂತಿಯಿಂದ ಆ ಪೊರೆಯನ್ನು ಬಿಡಿಸುತ್ತಾರೆ. ಹೊಲಿಗೆ ಇಲ್ಲ, ಸಾಮಾನ್ಯವಾಗಿ ಅಂದೇ ಮನೆಗೆ. ಹೆಚ್ಚಿನ ಮಕ್ಕಳಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ. ತೀರಾ ತಡವಾದರೆ ನಾಳದೊಳಗೆ ಕೆಲವು ತಿಂಗಳು ಸಣ್ಣ ಟ್ಯೂಬು ಇಡಬೇಕಾಗಬಹುದು, ಕೆಲವರಿಗೆ ದೊಡ್ಡ ಆಪರೇಷನ್ನೇ ಬೇಕಾಗಬಹುದು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತಪ್ಪದೆ ತೋರಿಸಿ. ಆಶಾ ಕಾರ್ಯಕರ್ತೆಯನ್ನು ಕೇಳಿ. ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಗೆ ಹೋಗುವಾಗ ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಆ ಇಬ್ಬರು ಮಕ್ಕಳು ಏನಾದರು? ಸಂಘದವರು ಐದು ಸಾವಿರ ಕೊಡಲಿಲ್ಲ, ಡಾಕ್ಟರಿಗೆ ತೋರಿಸಲು ಬಸ್ ಖರ್ಚು ಕೊಟ್ಟರು. ತಾಯಿ ಮಾಲೀಸು ಕಲಿತು ಬಂದರು. ಮಳೆಗಾಲ ಹಿಡಿಯುವಷ್ಟರಲ್ಲಿ ಕೂಸಿನ ಕಣ್ಣು ಒಣಗಿತ್ತು. ಮೂರು ವರ್ಷದ ಹುಡುಗನಿಗೆ ಟ್ಯೂಬು ಇಡಬೇಕಾಯಿತು. ಆ ಸಾಲ ನಿಜವಾಗಿ ಬೇಕಾದದ್ದು ಅವನಿಗೆ, ಸಂಘ ಅದನ್ನೂ ಕೊಟ್ಟಿತು.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇದನ್ನು ಒಬ್ಬರು ಗಟ್ಟಿಯಾಗಿ ಓದಿ. ಹಾಗೇ ಒಂದು ಪ್ರಶ್ನೆ ಕೇಳಿ: ನಮ್ಮ ಲೈನಿನಲ್ಲಿ, ನಮ್ಮ ಬೀದಿಯಲ್ಲಿ, ವರ್ಷ ದಾಟಿದರೂ ಕಣ್ಣೀರು ನಿಲ್ಲದ ಮಗು ಯಾರ ಮನೆಯಲ್ಲಿದೆ?