ಒಬ್ಬ ಹೊರಗೆ ಹೋದ್ರೆ ಉಳಿದವರಿಗೆ ಮೆಸೇಜ್ ಯಾಕೆ ನಿಲ್ಲಬೇಕು?

ಮಿನಿ ಪ್ರಾಜೆಕ್ಟ್‌ಗೆ ನಾವು ಪೈಥಾನ್‌ನಲ್ಲಿ ಒಂದು ಸಣ್ಣ ಚಾಟ್ ಸರ್ವರ್ ಬರೆದಿದ್ವಿ. ಡೆಮೊ ದಿನ 6 ಲ್ಯಾಪ್‌ಟಾಪ್ ಕನೆಕ್ಟ್ ಆಗಿದ್ವು. 3ನೇ ಲ್ಯಾಪ್‌ಟಾಪಿನವನು ಕ್ಲೈಂಟ್ ವಿಂಡೋ ಕ್ಲೋಸ್ ಮಾಡಿದ. ಸ್ವಲ್ಪ ಹೊತ್ತಿಗೆ 4, 5, 6ಕ್ಕೆ ಮೆಸೇಜ್ ಬರೋದೇ ನಿಂತುಹೋಯ್ತು. 1, 2ಕ್ಕೆ ಮಾತ್ರ ಸರಿಯಾಗಿ ಬರ್ತಿತ್ತು! ಸರ್ ಮುಂದೆ ನಮ್ಮ ಮುಖ ನೋಡಬೇಕಿತ್ತು.

ಕಾರಣ ಗೊತ್ತಾಗಬೇಕಾದರೆ ಮೊದಲು ಒಂದು ವಿಷಯ ಅರ್ಥ ಮಾಡ್ಕೋಬೇಕು. ಟಿಸಿಪಿಯಲ್ಲಿ ‘ಎಲ್ಲರಿಗೂ ಕಳಿಸು’ ಅನ್ನೋ ಕಮಾಂಡ್ ಇಲ್ಲ. ಸರ್ವರ್ ಶುರುವಿನಲ್ಲಿ ತೆರೆಯುವ ಸಾಕೆಟ್ ಹಾಸ್ಟೆಲ್ ಗೇಟ್ ಇದ್ದ ಹಾಗೆ, ಬಂದವರನ್ನು ಒಳಗೆ ಬಿಡೋದಷ್ಟೇ ಅದರ ಕೆಲಸ. ‘ಅಕ್ಸೆಪ್ಟ್’ ಕರೆದಾಗಲೆಲ್ಲ ಆ ಒಬ್ಬ ಕ್ಲೈಂಟ್‌ಗೆ ಅಂತಲೇ ಒಂದು ಹೊಸ ಸಾಕೆಟ್ ಸಿಗುತ್ತೆ. ಅವನ್ನೆಲ್ಲ ಒಂದು ಲಿಸ್ಟ್‌ನಲ್ಲಿ ಇಟ್ಟುಕೊಂಡು, ಫಾರ್ ಲೂಪ್ ಹಾಕಿ, ಒಂದೊಂದಕ್ಕೂ ‘ಸೆಂಡ್‌ಆಲ್’ ಮಾಡಬೇಕು. ಹೆಸರು ಸೆಂಡ್‌ಆಲ್ ಅಂತಿದ್ದರೂ ಅದು ಎಲ್ಲ ಕ್ಲೈಂಟ್‌ಗಳಿಗೆ ಕಳಿಸಲ್ಲ; ಕೊಟ್ಟ ಬೈಟ್‌ಗಳನ್ನೆಲ್ಲ ಒಂದೇ ಕ್ಲೈಂಟ್‌ಗೆ ಕಳಿಸುತ್ತೆ.

ಈಗ ನಮ್ಮ ತಪ್ಪಿಗೆ ಬರೋಣ. ಆ ಕಡೆ ಕ್ಲೋಸ್ ಆದ ಕನೆಕ್ಷನ್‌ಗೆ ಕಳಿಸಿದಾಗ ಮೊದಲ ಸಲ ಸಾಮಾನ್ಯವಾಗಿ ಎರರ್ ಬರಲ್ಲ. ಸೆಂಡ್‌ಆಲ್ ಮುಗೀತು ಅಂದ್ರೆ ಡೇಟಾ ನಮ್ಮ ಆಪರೇಟಿಂಗ್ ಸಿಸ್ಟಮ್‌ನ ಬಫರ್‌ಗೆ ಹೋಯ್ತು ಅಂತ ಮಾತ್ರ ಅರ್ಥ, ಕ್ಲೈಂಟ್‌ಗೆ ತಲುಪಿತು ಅಂತಲ್ಲ. ಆ ಕಡೆಯಿಂದ ‘ರೀಸೆಟ್’ ಬಂದ ಮೇಲೆ, ಮುಂದಿನ ಸಲ ಕಳಿಸುವಾಗ ಎರರ್ ಬರುತ್ತೆ. ನಾವು ಟ್ರೈ ಬ್ಲಾಕನ್ನು ಲೂಪಿನ ಹೊರಗೆ ಇಟ್ಟಿದ್ವಿ. ಹಾಗಾಗಿ 3ನೆಯದರಲ್ಲಿ ಎರರ್ ಬಂದ ಕೂಡಲೇ ಇಡೀ ಲೂಪೇ ಅಲ್ಲಿಗೆ ನಿಂತುಬಿಡ್ತಿತ್ತು.

ಟ್ರೈ ಅನ್ನು ಲೂಪಿನ ಒಳಗೆ ತಂದ್ವಿ, ಎರರ್ ಬಂದ ಸಾಕೆಟನ್ನು ಅಲ್ಲೇ ಲಿಸ್ಟ್‌ನಿಂದ ತೆಗೆದ್ವಿ. ಈಗ 4ನೆಯವನಿಗೆ ಮಾತ್ರ ಒಂದು ಮೆಸೇಜ್ ಮಿಸ್! 3 ಹೋದ ಮೇಲೆ 4 ಅದರ ಜಾಗಕ್ಕೆ ಸರಿಯುತ್ತೆ, ಲೂಪ್ ಮಾತ್ರ ಮುಂದಿನ ಜಾಗಕ್ಕೆ ಹೋಗಿಬಿಡುತ್ತೆ. ಲಿಸ್ಟ್‌ನ ಕಾಪಿ ಮೇಲೆ ಲೂಪ್ ಹಾಕಿದ್ಮೇಲೆ ಸರಿಹೋಯ್ತು.

ಇನ್ನೊಂದು ತೊಂದರೆನೂ ಇದೆ. ಕ್ಲೈಂಟ್ ಕನೆಕ್ಟ್ ಆಗೇ ಇರುತ್ತೆ, ಆದರೆ ಬಂದದ್ದನ್ನು ಓದ್ತಿರಲ್ಲ. ಆಗ ಎರಡೂ ಕಡೆಯ ಬಫರ್ ತುಂಬಿ ಸೆಂಡ್‌ಆಲ್ ಅಲ್ಲೇ ಕಾಯ್ತಾ ನಿಲ್ಲುತ್ತೆ, ಲಿಸ್ಟ್‌ನಲ್ಲಿ ಅದರ ಹಿಂದಿರುವವರೆಲ್ಲ ಕಾಯಬೇಕು. ಪ್ರತಿ ಕ್ಲೈಂಟ್‌ಗೂ ಒಂದು ಕ್ಯೂ, ಕಳಿಸೋಕೆ ಒಂದು ಥ್ರೆಡ್ ಕೊಟ್ಟರೆ ಒಬ್ಬನ ನಿಧಾನ ಇನ್ನೊಬ್ಬನಿಗೆ ತಟ್ಟಲ್ಲ.

ನೀವೂ ಇಂಥದ್ದು ಬರೆದ್ರೆ, ಎಲ್ಲರೂ ಕನೆಕ್ಟ್ ಆಗಿದ್ದಾಗ ಓಡುತ್ತಾ ಅಂತ ಮಾತ್ರ ನೋಡಬೇಡಿ. ಮಧ್ಯದ ಒಂದು ಕ್ಲೈಂಟ್ ಕ್ಲೋಸ್ ಮಾಡಿ, ಎರಡು ಮೆಸೇಜ್ ಕಳಿಸಿ ನೋಡಿ. ಡೆಮೊಗೆ ಮುಂಚೆ ನಾವು ಮಾಡಬೇಕಿದ್ದದ್ದು ಇಷ್ಟೇ.